ಸ್ಟೋರ್ ಕ್ಲಾರ್ಕ್ ಹಾಕಿದ ಪಂಪು

ಫಕೀರಪ್ಪ ಗಾಣಿಗೇರರು ಇಂಜಿನಿಯರ್ ಆದದ್ದು ಹಲಗೆ ಸಣ್ಣದಾಗಿದ್ದರಿಂದ. ಉಳಿದವರು ಆ ಪದವಿಗಾಗಿ ನಾಲ್ಕು ವರ್ಷ ನಿದ್ದೆಗೆಟ್ಟು ಓದುತ್ತಾರೆ. ಇವರಿಗೆ ಒಬ್ಬ ಪೇಂಟರ್ ಅರ್ಧ ದಿನದಲ್ಲಿ ಕೊಟ್ಟುಹೋದ.

ಪುಣೆ ಹತ್ತಿರದ ಚಿಂಚವಾಡದ ಸಿದ್ಧಿಸಂಗಮ ಸೊಸೈಟಿಯಲ್ಲಿ ಮನೆ ಕೊಂಡ ಹೊಸತರಲ್ಲಿ ಅವರು ಬಾಗಿಲಿಗೊಂದು ಹಲಗೆ ಬರೆಸಿದರು. ಬರೆಯಬೇಕಾಗಿದ್ದದ್ದು ‘ಎಫ್. ಬಿ. ಗಾಣಿಗೇರ, ಇಂಜಿನಿಯರಿಂಗ್ ಸ್ಟೋರ್ಸ್ ಕ್ಲಾರ್ಕ್’ ಎಂದು. ಪೇಂಟರ್ ಕಲಾವಿದ. ಹೆಸರಿನ ಒಂದೊಂದು ಅಕ್ಷರಕ್ಕೂ ನೆರಳು, ಬಾಲ, ಬಳ್ಳಿ ಎಲ್ಲ ಬಿಡಿಸಿ ಇಂಜಿನಿಯರಿಂಗಿನ ‘ಇಂಜಿನಿಯರ್’ ಮುಗಿಸುವಷ್ಟರಲ್ಲಿ ಹಲಗೆ ಮುಗಿದಿತ್ತು. “ಉಳಿದದ್ದು ನಾಳೆ ಕೆಳಗೊಂದು ಪಟ್ಟಿ ಹೊಡೆದು ಬರೆಯುತ್ತೇನೆ” ಎಂದವನು ಆ ನಾಳೆಯನ್ನು ಜೇಬಿನಲ್ಲಿಟ್ಟುಕೊಂಡು ಊರೇ ಬಿಟ್ಟ. “ಇರಲಿ ಬಿಡ್ರಿ, ಹಲಗಿ ಚಂದ ಕಾಣತದ” ಎಂದರು ಅವರ ಹೆಂಡತಿ ಕಲ್ಲವ್ವ.

ಮರುತಿಂಗಳು ಅರಿಶಿನ ಕುಂಕುಮಕ್ಕೆ ಕರೆದಾಗ ಸೊಸೈಟಿಯ ಹೆಂಗಸರು ಕಲ್ಲವ್ವನನ್ನು ಸುತ್ತಿಕೊಂಡು, ನಿಮ್ಮವರು ಇಂಜಿನಿಯರಾ ಎಂದು ಕೇಳಿದರು. ತಾಳಿಕೋಟಿಯಿಂದ ಬಂದು ಆರು ತಿಂಗಳಾಗಿದ್ದ ಕಲ್ಲವ್ವನ ಮರಾಠಿ ಆಗ ಎರಡೇ ಶಬ್ದದ್ದು: ‘ಹೋ’ ಮತ್ತು ‘ನಕೋ’, ಅಂದರೆ ಹೌದು ಮತ್ತು ಬೇಡ. ಕರೆದವರ ಮನೆಯಲ್ಲಿ ಕೂತು ನಕೋ ಅನ್ನುವುದು ಮರ್ಯಾದೆಯಲ್ಲ. ಆದ್ದರಿಂದ ‘ಹೋ’ ಅಂದರು. ಅಂದಿನಿಂದ ಹನ್ನೊಂದು ವರ್ಷ ಗಾಣಿಗೇರರು ಗಾಣಿಗೇರ ಸಾಹೇಬರು. ತಾವು ಅಲ್ಲ ಎಂದು ಹೇಳಲು ಅವರೂ ಒಂದು ಒಳ್ಳೆಯ ದಿನಕ್ಕಾಗಿ ಕಾಯುತ್ತಿದ್ದರು. ಆ ದಿನ ಯಾಕೋ ಬರಲೇ ಇಲ್ಲ.

ಆದರೆ ಪಂಪಿನ ವಿಷಯದಲ್ಲಿ ಅವರನ್ನು ಯಾರೂ ಹಗುರವಾಗಿ ಕಾಣುವಂತಿರಲಿಲ್ಲ. ಈಗಿನ ಕಾರುಗಳಲ್ಲಿ ಪೆಟ್ರೋಲು ಕರೆಂಟಿನಿಂದ ಏರುತ್ತದೆ. ಹಳೇ ಕಾರುಗಳಲ್ಲಿ ಎಂಜಿನ್ನಿನ ಪಕ್ಕೆಗೆ ಎರಡು ಬೋಲ್ಟು ಹಾಕಿ ಬಿಗಿದ ಒಂದು ಮುಷ್ಟಿಗಾತ್ರದ ಪಂಪು ಇರುತ್ತಿತ್ತು. ಎಂಜಿನ್ ತಿರುಗಿದಂತೆಲ್ಲ ಪಂಪಿನ ಲಿವರ್ ಆಡುತ್ತದೆ, ಒಳಗಿನ ರಬ್ಬರ್ ಪೊರೆ ಮೇಲೆ ಕೆಳಗೆ ಆಗುತ್ತದೆ, ಹಿಂದಿನ ಟ್ಯಾಂಕಿನ ಪೆಟ್ರೋಲು ಮುಂದೆ ಬರುತ್ತದೆ. ಅಂಥ ಪಂಪು ಮಾಡುವ ಪಿಂಪ್ರಿಯ ಒಂದು ಕಾರ್ಖಾನೆಯ ಸ್ಟೋರಿನಲ್ಲಿ, ಸಾಮಾನು ಕೊಡುವ ತಂತಿ ಜಾಳಿಗೆಯ ಹಿಂದೆ, ಫಕೀರಪ್ಪನವರು ಇಪ್ಪತ್ತಾರು ವರ್ಷ ಕೂತಿದ್ದರು. ಯಾವ ಪಂಪಿನ ನಂಬರ್ ಏನು, ಅದು ಯಾವ ಕಪಾಟಿನ ಎಷ್ಟನೇ ಖಾನೆಯಲ್ಲಿದೆ ಎಂಬುದು ಅವರಿಗೆ ಮಕ್ಕಳ ಹೆಸರಿಗಿಂತ ಬೇಗ ಬಾಯಿಗೆ ಬರುತ್ತಿತ್ತು. ಜಾಳಿಗೆಯಿಂದ ಆಚೆ ಹೋದ ಮೇಲೆ ಆ ಪಂಪು ಏನು ಮಾಡುತ್ತದೆ ಎಂಬುದು ಮಾತ್ರ ಅವರ ಇಲಾಖೆಗೆ ಸೇರಿದ್ದಲ್ಲ.

ಇನ್ನು ಕಾರು. ಕಾರ್ಖಾನೆಯ ಪಾರ್ಸಿ ಮಾಲಕರು ಹರೆಯದಲ್ಲಿ ಇಂಗ್ಲೆಂಡಿನಿಂದ ತರಿಸಿದ್ದ, 1964ರ, ಎರಡೇ ಸೀಟಿನ, ತಲೆಯ ಮೇಲೆ ತಗಡಿಲ್ಲದ ಕೆಂಪು ಸ್ಪೋರ್ಟ್ಸ್ ಕಾರು ಅದು. ಮಾಲಕರಿಗೆ ಸೊಂಟ ಹಿಡಿದ ಮೇಲೆ ಸ್ಟೋರಿನ ಹಿಂದೆ ತಾಡಪಾಲು ಹೊದ್ದು ಮಲಗಿತ್ತು. ತನ್ನ ಸ್ಟೋರಿನ ಗೋಡೆಗೆ ತಾಗಿದ್ದೆಲ್ಲ ತನ್ನ ಜವಾಬ್ದಾರಿ ಎಂದು ಫಕೀರಪ್ಪನವರು ಅದನ್ನು ‘ಕೆಂಪು ಮೋಟಾರು, ಒಂದು’ ಎಂದು ರಜಿಸ್ಟರಿಗೆ ಏರಿಸಿದ್ದರು. ಪ್ರತಿ ಖಂಡೇನವಮಿಯ ಆಯುಧಪೂಜೆಗೆ ತೊಳೆದು, ಚೆಂಡುಹೂ ಕಟ್ಟಿ, ಕಾಯಿ ಒಡೆಯುತ್ತಿದ್ದರು. 2001ರಲ್ಲಿ ಕಾರ್ಖಾನೆ ಮುಚ್ಚಿತು. ಲೆಕ್ಕ ಒಪ್ಪಿಸಿಕೊಳ್ಳಲು ಬಂದ ಮಾಲಕರ ಮಗಳು ಕಾರಿನ ಕನ್ನಡಿಗೆ ಜೋತಿದ್ದ ಒಣಗಿದ ಹೂವಿನ ಸರ ನೋಡಿ, ಇದನ್ನು ಪೂಜೆ ಮಾಡಿದವರೇ ಇಟ್ಟುಕೊಳ್ಳಲಿ ಎಂದು ಕಾಗದಪತ್ರ ಸಮೇತ ಕೊಟ್ಟುಬಿಟ್ಟಳು.

ಒಂದು ವರ್ಷ ಫಕೀರಪ್ಪನವರು ರಾಜನಂತೆ ಮೆರೆದರು. ಆಮೇಲೆ 2002ರ ಜುಲೈ ತಿಂಗಳ ಒಂದು ಸಂಜೆ ಪಂಪಿನ ಪೊರೆ ಹರಿದು ಕಾರು ಸೊಸೈಟಿಯ ಗೇಟಿನಲ್ಲೇ ನಿಂತಿತು. ನಾಲ್ಕು ಜನ ತಳ್ಳಿ ಒಳಗೆ ಹಾಕಿದರು. ಅಲ್ಲಿಂದ ಅದು ಕದಲಲಿಲ್ಲ.

ಅದು ನಿಂತ ಜಾಗವೇ ಗಣಪತಿ ಮಂಟಪದ ಜಾಗ. ಆಗಸ್ಟ್ ಕೊನೆಗೆ ಸೊಸೈಟಿಯ ಸೆಕ್ರೆಟರಿ ಅವಧೂತರಾವ್ ನೋಟೀಸು ಅಂಟಿಸಿದರು. ಅವಧೂತರಾವ್ ನೀರಾವರಿ ಖಾತೆಯ ನಿವೃತ್ತ ಅಧಿಕಾರಿ. ಖಾತೆ ಇವರನ್ನು ಬಿಟ್ಟಿತ್ತು, ಇವರು ಖಾತೆಯನ್ನು ಬಿಟ್ಟಿರಲಿಲ್ಲ. ನೋಟೀಸಿನಲ್ಲಿ ಹೀಗಿತ್ತು: ಚಾಲೂ ಇಲ್ಲದ ವಾಹನಕ್ಕೆ ಆವಾರದಲ್ಲಿ ಜಾಗವಿಲ್ಲ. ಸದರಿ ಕೆಂಪು ವಾಹನವು ಬರುವ ರವಿವಾರ ಬೆಳಿಗ್ಗೆ ಒಂಬತ್ತರೊಳಗೆ ಸ್ವಂತ ಬಲದಿಂದ ಹೊರಟು, ಗೇಟಿನಿಂದ ಚೌಕದವರೆಗೆ ಹೋಗಿ ತಿರುಗಿ ಬರತಕ್ಕದ್ದು. ತಪ್ಪಿದಲ್ಲಿ ಕ್ರೇನಿನಿಂದ ಎತ್ತಿ ಭಂಗಾರಿನವನಿಗೆ (ಗುಜರಿಯವನಿಗೆ) ಒಪ್ಪಿಸಲಾಗುವುದು.

ಫಕೀರಪ್ಪನವರು ನೋಟೀಸು ಓದಿ ನೆಟ್ಟಗೆ ಅವಧೂತರಾಯರ ಮನೆಗೆ ಹೋದರು.

“ಪಂಪು ಒಂದೇ ಹೋಗಿದೆ ಸಾಹೇಬ. ರವಿವಾರದೊಳಗೆ ಹೊಸದು ಹಾಕಿಸ...” ಎಂದು ಶುರು ಮಾಡಿದರು.

“ಹಾಕಿಸುವುದೇನು ಬಂತು!” ಅವಧೂತರಾಯರು ಕುರ್ಚಿಯಿಂದ ಎದ್ದೇಬಿಟ್ಟರು. “ಪಂಪಿನ ಇಂಜಿನಿಯರು ನೀವು. ಹೊರಗಿನ ಮೆಕ್ಯಾನಿಕ್ ಬಂದು ನಿಮ್ಮ ಗಾಡಿ ಮುಟ್ಟಿದರೆ ಸೊಸೈಟಿಯ ಮಾನ ಏನಾಗಬೇಕು? ನೀವೇ ಹಾಕಿ. ನಾವು ನೋಡುತ್ತೇವೆ. ಹುಡುಗರಿಗೂ ಕಲಿತಂತಾಗುತ್ತದೆ.”

ಒಳ್ಳೆಯ ದಿನ ಮತ್ತೆ ತಪ್ಪಿಹೋಯಿತು.

ಮಂಗಳವಾರ ಸಂಜೆ ಕಲ್ಲವ್ವನ ತಮ್ಮ ಶಿವಪ್ರಕಾಶ ಬಂದ. ಚಾಕಣದ ಕಾರು ಕಾರ್ಖಾನೆಯಲ್ಲಿ ನಿಜವಾದ ಇಂಜಿನಿಯರ್. ಕುತ್ತಿಗೆಗೆ ಜೋತ ಗುರುತಿನ ಕಾರ್ಡನ್ನು ಊಟಕ್ಕೆ ಕೂತಾಗಲೂ ತೆಗೆಯುವವನಲ್ಲ.

“ಮಾಮಾ, ಈ ಗಾಡಿದ ಪಂಪ ಇಂಡಿಯಾದಾಗ ಸಿಗಂಗಿಲ್ಲ. ಭಂಗಾರಕ್ಕ ಹಾಕಿಬಿಡ್ರಿ, ಸುಮ್ನ ತಲಿಬ್ಯಾನಿ.”

ಫಕೀರಪ್ಪನವರು ಕಣ್ಣು ಮುಚ್ಚಿದರು. “ಕಪಾಟ ನಾಕು, ಖಾನಿ ಹನ್ನೊಂದು. ಹೆರಾಲ್ಡ್ ಕಾರಿಂದೂ ಇದರದೂ ಪಂಪ ಒಂದ ಅದ. ಹಳೇ ಹೆರಾಲ್ಡ್ ಪುಣೆದಾಗ ಬೇಕಾದಷ್ಟ ಮುರದಾವ. ನಾಳೆ ಬುಧವಾರ, ಜುನಾ ಬಜಾರದಾಗ ತರತೀನಿ.”

“ತಂದ್ರಿ ತಿಳೀರಿ. ಹಾಕವ್ರು ಯಾರು?”

“ನಾನ.”

ಶಿವಪ್ರಕಾಶ ನಕ್ಕ. ಸಣ್ಣ ನಗೆಯಲ್ಲ, ಬಾಯೊಳಗಿನ ರೊಟ್ಟಿ ಹೊರಗೆ ಬರುವಂಥ ನಗೆ. “ಮಾಮಾ, ಕೌಂಟರ್ ಮ್ಯಾಲಿಂದ ಕೊಡೂದು ಬ್ಯಾರೆ, ಎಂಜಿನ್‌ಗೆ ಕೂಡಸೂದು ಬ್ಯಾರೆ. ಇದು ಕ್ಲಾರ್ಕ್ ಮಂದಿ ಕೆಲಸ ಅಲ್ಲ. ನಮ್ಮ ಪ್ಲಾಂಟಿಂದ ಒಬ್ಬ ಫಿಟ್ಟರ್‌ನ ಕಳಸ್ತೀನಿ, ರಾತ್ರಿ ಬಂದು ಯಾರಿಗೂ ಗೊತ್ತಾಗದಂಗ ಹಾಕಿಹೋಗ್ತಾನ.”

ಫಕೀರಪ್ಪನವರ ಮೈಯೆಲ್ಲ ಉರಿದುಹೋಯಿತು. ಸೊಸೈಟಿಯವರು ಮಾಡಿದ ಇಂಜಿನಿಯರ್‌ಗಿರಿಯನ್ನು ಅವರು ಸಹಿಸಿದ್ದರು. ಆದರೆ ತನ್ನ ಮನೆಯಲ್ಲಿ, ತನ್ನ ಹೆಂಡತಿಯ ಎದುರು, ತನ್ನದೇ ರೊಟ್ಟಿ ತಿನ್ನುತ್ತ ಕ್ಲಾರ್ಕ್ ಎಂದು ನಗುವವನನ್ನು ಹೇಗೆ ಸಹಿಸುವುದು?

“ಏ ಶಿವಪ್ಪ್ಯಾ, ಕೇಳ. ಪಂಪ ಕ್ಲಾರ್ಕೇ ಹಾಕ್ತಾನ. ಹಗಲಾಗ ಹಾಕ್ತಾನ. ಎಲ್ಲಾರ ಮುಂದ ಹಾಕ್ತಾನ. ರವಿವಾರ ಬಂದು ನೋಡಕೊಂತ ನಿಂದರು. ನಿನ್ನ ಕಾರ್ಡ್ ಸುದ್ದಾ ತಗೊಂಬಾ, ಅದೂ ನೋಡ್ಲಿ.”

ಬುಧವಾರ ಜುನಾ ಬಜಾರಿನ ಹಳೇ ಸಾಮಾನಿನ ಸಂತೆಯಲ್ಲಿ, ನೆಲದ ಮೇಲೆ ಗೋಣಿತಾಟು ಹಾಸಿ ಹರಡಿದ ಹಳೇ ಕಬ್ಬಿಣದ ಮಧ್ಯೆ ಎರಡು ತಾಸು ಕುಕ್ಕರಗಾಲಲ್ಲಿ ಸರಿದಾಡಿ, ಅವರು ಹೆರಾಲ್ಡಿನ ಪಂಪು ಹೆಕ್ಕಿದರು. ಡಬ್ಬಿ ಒಡೆದಿರದ ಹೊಸ ಪಂಪು. ಅಂಗಡಿಯವನು ಅದನ್ನು ನೀರೆತ್ತುವ ಮೋಟಾರಿನ ಭಾಗ ಎಂದು ತಿಳಿದಿದ್ದ. ಫಕೀರಪ್ಪನವರು ನಿಂತಲ್ಲೇ ಅವನಿಗೆ ಅದರ ನಂಬರು ಹೇಳಿ, ತಿದ್ದಿ, ಮುಂದೆ ಹೀಗೆ ತಪ್ಪು ಹೇಳಬಾರದು ಎಂದು ತಾಕೀತು ಮಾಡಿ ಬಂದರು.

ಶನಿವಾರ ಬೆಳಿಗ್ಗೆ ಕೆಲಸ ಶುರುವಾಗಬೇಕು. ಆಗಲಿಲ್ಲ. ಹಳೇ ಪಂಪು ವಾಪಸು ಬರದೆ ಹೊಸದನ್ನು ಕೊಡುವುದು ಸ್ಟೋರಿನಲ್ಲಿ ಮಹಾಪರಾಧ. ಫಕೀರಪ್ಪನವರು ಒಂದು ಕಾಗದದ ಮೇಲೆ ಬೇಡಿಕೆ ಬರೆದರು. ಬೇಡಿದವರು: ಎಫ್. ಬಿ. ಗಾಣಿಗೇರ. ಕೊಡತಕ್ಕವರು: ಎಫ್. ಬಿ. ಗಾಣಿಗೇರ. ಬೇಡಿದ ಗಾಣಿಗೇರ ಸಹಿ ಮಾಡಿದರು. ಕೊಡತಕ್ಕ ಗಾಣಿಗೇರ ಒಪ್ಪಲಿಲ್ಲ. ಹೋಗಿ ಹಳೇ ಪಂಪು ಬಿಚ್ಚಿ, ಒರೆಸಿ, ತನ್ನೆದುರು ತಾನೇ ಇಟ್ಟ ಮೇಲೆಯೇ ಡಬ್ಬಿ ಒಡೆದದ್ದು.

“ನಿಂದರ್ರಿ” ಎಂದರು ಕಲ್ಲವ್ವ. “ಹೊಸಾ ಸಾಮಾನ ಹಂಗ ಹಾಕ್ತಾರೇನು? ಪೂಜಿ ಬ್ಯಾಡಾ?”

ಇಪ್ಪತ್ತು ಖಂಡೇನವಮಿ ಮಾಡಿದ ಮನುಷ್ಯ ಬೇಡ ಅನ್ನಲಾದೀತೇ? ಪಂಪು ತಾಟಿನಲ್ಲಿ ಕೂತಿತು. ಅರಿಶಿನ, ಕುಂಕುಮ, ಹೂವು. ಇಂಜಿನಿಯರ್ ಸಾಹೇಬರ ಪಂಪಿನ ಪೂಜೆ ಎಂದು ಸುದ್ದಿ ಹಬ್ಬಿ ಎ ವಿಂಗಿನ ಹೆಂಗಸರೆಲ್ಲ ಬಂದರು. ಮೂರನೇ ಮಹಡಿಯ ರಂಗೂಬಾಯಿ ಮೊಮ್ಮಗಳ ಮದುವೆಗೆ ಹಾಕಿದಷ್ಟೇ ಭಕ್ತಿಯಿಂದ ಮುಷ್ಟಿ ತುಂಬ ಕುಂಕುಮದ ಅಕ್ಷತೆ ಹಾಕಿದರು. ಉಳಿದವರು ಹಿಂದೆ ಬೀಳಲಿಲ್ಲ.

ಹತ್ತಕ್ಕೆ ಫಕೀರಪ್ಪನವರು ಬನಿಯನ್ನಿನ ಮೇಲೆ ಬಾನೆಟ್ಟಿಗೆ ಬಾಗಿದರು. ಅವಧೂತರಾವ್ ಮಡಿಚುವ ಕುರ್ಚಿ ತಂದು ಎದುರಿಗೇ ಹಾಕಿಕೊಂಡರು. ಸುತ್ತ ಮೂವತ್ತು ಜನ.

ಮೊದಲನೇ ಸಲ ಪಂಪು ಕೂತಿತು, ಬೋಲ್ಟು ಬಿಗಿಯಿತು, ಕಲ್ಲವ್ವ ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದರು. ಎಂಜಿನ್ ‘ಕರ್ರ್ ಕರ್ರ್’ ಎಂದು ತಿರುಗಿ ಸುಸ್ತಾಯಿತು. ಟ್ಯಾಂಕಿನಿಂದ ಬರುವ ನಳಿಗೆ ಮುಂದೆ ಹೋಗುವ ಬಾಯಿಗೆ, ಮುಂದೆ ಹೋಗುವ ನಳಿಗೆ ಬರುವ ಬಾಯಿಗೆ ಜೋಡಿಸಲ್ಪಟ್ಟಿತ್ತು. ಫಕೀರಪ್ಪನವರು ಅದನ್ನು ಬಿಚ್ಚುತ್ತಿದ್ದಂತೆ ಮೀಸೆಯ ಮೇಲೆ ಪೆಟ್ರೋಲು ಚಿಮ್ಮಿತು.

“ಬಿಚ್ಚಿದರಲ್ಲ, ಯಾಕೆ?” ಎಂದು ಯಾರೋ ಕೇಳಿದರು.

“ಟೆಸ್ಟಿಂಗ್” ಎಂದರು ಅವಧೂತರಾವ್. “ಒಂದೇ ಸಲಕ್ಕೆ ಹಾಕಿಬಿಡುವವನು ಮೆಕ್ಯಾನಿಕ್. ಇಂಜಿನಿಯರ್ ಹಾಕಿ ತೆಗೆಯುತ್ತಾನೆ.”

ಎರಡನೇ ಸಲ ಲಿವರ್ ಕೂರಬೇಕಾದ ಕಡೆ ಕೂರದೆ ಕೆಳಗೆ ನುಸುಳಿತು. ಕೀಲಿ ತಿರುಗಿಸಿದರೆ ಒಳಗಿನಿಂದ ಯಾರೋ ಬಾಗಿಲು ಬಡಿದಂತೆ ಟಕಟಕ ಸದ್ದು. ಫಕೀರಪ್ಪನವರು ಕೈ ಬೀಸಿ ಕಲ್ಲವ್ವನನ್ನು ನಿಲ್ಲಿಸಿದರು. ಮತ್ತೆ ಬಿಚ್ಚಿದರು. ಅವಧೂತರಾಯರು ಸುತ್ತಲಿನವರಿಗೆ, “ಕೇಳಿದಿರಾ? ಸದ್ದಿನ ಪರೀಕ್ಷೆ” ಎಂದರು. ಮೂವತ್ತು ತಲೆ ಒಮ್ಮೆಗೇ ಆಡಿದವು.

ಮೂರನೇ ಸಲ ಎಲ್ಲ ಸರಿಯಾಯಿತು. ಲಿವರ್ ಸರಿ, ನಳಿಗೆ ಸರಿ, ಬೋಲ್ಟು ಸರಿ. ಆದರೆ ಎಂಜಿನ್ ಸಂಜೆಯವರೆಗೆ ಕೆಮ್ಮಿತೇ ಹೊರತು ಉಸಿರು ಹಿಡಿಯಲಿಲ್ಲ. ಕಾರ್ಬೊರೇಟರಿನ ಹತ್ತಿರ ನಳಿಗೆ ಬಿಚ್ಚಿ ನೋಡಿದರೆ ಪೆಟ್ರೋಲಿನ ಒಂದು ಹನಿ ಇಲ್ಲ. ಹೊಸ ಪಂಪು, ಸರಿಯಾದ ನಂಬರು, ಸರಿಯಾದ ಜಾಗ, ಆದರೂ ಹನಿ ಇಲ್ಲ! ಜನ ಒಬ್ಬೊಬ್ಬರೇ ಚಹಾಕ್ಕೆ ಹೋದರು. ಅವಧೂತರಾವ್ ಮಾತ್ರ ಕುರ್ಚಿ ಮಡಿಚುತ್ತ, “ದೊಡ್ಡ ಸಂಶೋಧನೆ ನಡೆದಿದೆ, ಅವರನ್ನು ಕೆಡಿಸಬೇಡಿ. ಆದರೆ ಸಾಹೇಬ, ಒಂಬತ್ತೆಂದರೆ ಒಂಬತ್ತು. ಕ್ರೇನಿಗೆ ಹೇಳಿಯಾಗಿದೆ” ಎಂದು ಹೋದರು.

ರವಿವಾರ ಎಂಟೂವರೆಗೆ ಕ್ರೇನು ಬಂತು. ಅದರ ಹಿಂದೆಯೇ ಕುತ್ತಿಗೆಯ ಕಾರ್ಡಿನೊಂದಿಗೆ ಶಿವಪ್ರಕಾಶ ಬಂದ. ಸೊಸೈಟಿಯ ಎರಡೂ ವಿಂಗು ಬಾಲ್ಕನಿಯಲ್ಲಿ ನಿಂತಿತ್ತು. ಒಬ್ಬರು ಮೊದಲೇ ಹಾರ ತಂದಿಟ್ಟಿದ್ದರು. ಕಾರಿಗೋ ಸಾಹೇಬರಿಗೋ ಅವರಿಗೇ ಗೊತ್ತಿರಲಿಲ್ಲ.

ಫಕೀರಪ್ಪನವರು ಪಂಪು ಬಿಚ್ಚಿ ಕೈಯಲ್ಲಿ ಹಿಡಿದು ಅದರ ಮುಖಕ್ಕೆ ಮುಖ ಕೊಟ್ಟು ಬೈಯುತ್ತಿದ್ದರು. “ಇಪ್ಪತ್ತಾರ ವರ್ಷ ನಿಮ್ಮನ್ನ ಧೂಳ ಬೀಳದಂಗ ಇಟಗೊಂಡೀನಿ. ಒಂದ ದಿನ, ಒಂದ ದಿನ ನನ್ನ ಮರ್ಯಾದಿ ಉಳಸಾಕ ಆಗಂಗಿಲ್ಲೇನ ನಿನಗ? ಮೂಳಾ!”

“ಯಾವ ಊರ್ರೀ ಯಪ್ಪಾ ನಿಮ್ದು?”

ಮೇಲಿನಿಂದ ಬಂದ ದನಿ. ಕ್ರೇನಿನ ಡ್ರೈವರ್ ತಲೆ ಹೊರಗೆ ಹಾಕಿ ನಗುತ್ತಿದ್ದ.

“ತಾಳಿಕೋಟಿ.”

“ನಮ್ದು ಸುರಪುರ ಕಡೀ. ಹುಸೇನಪ್ಪ ಅಂತಾರ್ರಿ ನನಗ.” ಅವನು ಇಳಿದು ಬಂದ. “ಯಾಕ್ರಿ ಪಂಪಿಗಿ ಬೈಯಾಕತ್ತೀರಿ? ನೀವ ದೊಡ್ಡ ಇಂಜಿನಿಯರ್ ಅಂತ ಆ ಮುದುಕ ಹೇಳಿದ.”

ಮನೆಯವರನ್ನು ಬಿಟ್ಟರೆ ಸುತ್ತಲಿನ ಯಾರಿಗೂ ಕನ್ನಡ ಬರುತ್ತಿರಲಿಲ್ಲ. ಹನ್ನೊಂದು ವರ್ಷ ಕಾದ ಒಳ್ಳೆಯ ದಿನ ಇದೇ ಇರಬೇಕೆಂದು ಫಕೀರಪ್ಪನವರಿಗೆ ಅನಿಸಿತು.

“ಇಂಜಿನಿಯರ್ ಅಲ್ಲೋ ಮಾರಾಯಾ. ಸ್ಟೋರ್ ಕ್ಲಾರ್ಕ್ ನಾ. ಜಾಳಿಗಿ ಹಿಂದ ಕೂತ ಕೊಡಾಂವ.”

ಹುಸೇನಪ್ಪ ತಲೆ ಕೆರೆದುಕೊಂಡ. “ಹಂಗಿದ್ರ ಕ್ಲಾರ್ಕ್ ನೋಡಿದಂಗ ನೋಡ್ರಿ. ನೀವ ಇಂಜಿನಿಯರ್‌ನಂಗ ನೋಡಾಕತ್ತೀರಿ, ಅದು ಅಂಜೇದ.”

ಅವಧೂತರಾವ್ ಗಡಿಯಾರ ನೋಡುತ್ತ ಬಂದು, ಒಂಬತ್ತಕ್ಕೆ ಎತ್ತಲು ಈಗಲೇ ಕೊಂಡಿ ಹಾಕಬೇಡವೇ, ಕ್ರೇನು ಯಾಕೆ ನಿಂತಿದೆ ಎಂದು ಮರಾಠಿಯಲ್ಲಿ ಗದರಿದರು. ಹುಸೇನಪ್ಪ ಗಂಭೀರವಾಗಿ, “ಆಯಿಲ್ ಕಾಯಬೇಕು ಸಾಹೇಬ. ತಣ್ಣನೆ ಆಯಿಲ್‌ನಲ್ಲಿ ಎತ್ತಿದರೆ ಕೊಂಡಿ ಜಾರುತ್ತದೆ” ಎಂದ. ಅರ್ಧ ತಾಸಿನಿಂದ ಓಡುತ್ತಿದ್ದ ಕ್ರೇನು ಅದು. ಅವಧೂತರಾಯರಿಗೆ ತಾಂತ್ರಿಕ ಕಾರಣ ಎಂದರೆ ಪ್ರಾಣ. “ಹತ್ತು ನಿಮಿಷ ಮಂಜೂರು” ಎಂದು ಹೋದರು.

ಕ್ಲಾರ್ಕ್ ನೋಡಿದಂತೆ! ಕ್ಲಾರ್ಕ್ ಪಂಪನ್ನು ಹೇಗೆ ನೋಡುತ್ತಾನೆ? ಫಕೀರಪ್ಪನವರು ಇಪ್ಪತ್ತಾರು ವರ್ಷ ಪ್ರತಿಯೊಂದು ಪಂಪನ್ನೂ ಜಾಳಿಗೆಯಿಂದ ಆಚೆ ಸರಿಸುವ ಮೊದಲು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲುಗಿಸುತ್ತಿದ್ದರು. ಒಳಗೆ ಸದ್ದಾದರೆ ವಾಪಸು. ನೋಡದೆ ಕೊಟ್ಟ ಪಂಪು ಅವರ ಹೆಸರಿನಲ್ಲಿ ಒಂದೂ ಇರಲಿಲ್ಲ. ಇದೊಂದನ್ನು ಮಾತ್ರ ಪೂಜೆಯ ತಾಟಿನಿಂದ ನೇರ ಎತ್ತಿದ್ದರು. ದೇವರ ಮುಂದಿನಿಂದ ತಂದದ್ದನ್ನು ಅಲುಗಿಸಿ ಪರೀಕ್ಷೆ ಮಾಡಲು ಯಾರಿಗೆ ಮನಸ್ಸು ಬಂದೀತು?

ಅವರು ಪಂಪನ್ನು ಕಿವಿಗೆ ಹಿಡಿದರು. ಅಲುಗಿಸಿದರು. ‘ಗಿಲ್’ ಎಂದಿತು.

“ಆತು!” ಎಂದು ಅವರು ಕೂಗಿದ ಕೂಗಿಗೆ ಬಿ ವಿಂಗಿನ ಪಾರಿವಾಳಗಳು ಹಾರಿಹೋದವು.

ಮೇಲಿನ ಮುಚ್ಚಳದ ಸ್ಕ್ರೂಗಳನ್ನು ಸರಸರನೆ ಬಿಚ್ಚಿದರು. ಪೆಟ್ರೋಲು ಮುಂದೆ ಹೋಗುವ ಬಾಯಿಯ ಒಳಗೆ, ಪುಟ್ಟ ಕವಾಟದ ಕೆಳಗೆ, ಕುಂಕುಮ ಹಚ್ಚಿದ ಎರಡು ಅಕ್ಕಿಕಾಳು ಕವಾಟ ಮುಚ್ಚದಂತೆ ಸಿಕ್ಕಿಕೊಂಡಿದ್ದವು. ಮೂರನೆಯದು ಪಕ್ಕದಲ್ಲಿ ಸುಮ್ಮನೆ ಉರುಳಾಡುತ್ತಿತ್ತು. ಪಂಪು ಎಳೆದ ಪೆಟ್ರೋಲು ಎಳೆದಷ್ಟೇ ಹಿಂದಕ್ಕೆ ಹೋಗುತ್ತಿತ್ತು.

ಕಲ್ಲವ್ವ ಬಗ್ಗಿ ನೋಡಿ ಬಾಯಿ ಮೇಲೆ ಸೆರಗು ಒತ್ತಿದರು. “ಅಯ್ಯ ನನ ಶಿವನ! ರಂಗೂಬಾಯಿ ಅಕ್ಷತಿ!”

ಶಿವಪ್ರಕಾಶ ಕುತ್ತಿಗೆ ಚಾಚಿ, “ನಮ್ಮ ಪ್ಲಾಂಟಿನಾಗ ಹಿಂಗ ಆಗಂಗಿಲ್ಲ ಬಿಡ್ರಿ” ಎಂದ.

“ನಿಮ್ಮ ಪ್ಲಾಂಟಿನಾಗ ರಂಗೂಬಾಯಿ ಇಲ್ಲ” ಎಂದರು ಫಕೀರಪ್ಪನವರು. “ಸರಿ ಆಚೆ, ಬೆಳಕ ಬಿಡು.”

ಕಾಳು ಊದಿ ತೆಗೆದು, ಮುಚ್ಚಳ ಬಿಗಿದು, ಮತ್ತೊಮ್ಮೆ ಕಿವಿಗೆ ಹಿಡಿದು ಅಲುಗಿಸಿದರು. ಸದ್ದಿಲ್ಲ. ಪಾಸು. ನಿನ್ನೆಯಿಂದ ಮೂರು ಸಲ ಹಾಕಿ ತೆಗೆದಿದ್ದ ಕೈ, ನಾಲ್ಕನೇ ಸಲ ಯಾರ ಮುಖವನ್ನೂ ನೋಡದೆ ಹಾಕಿತು. ಒಂಬತ್ತಕ್ಕೆ ಎರಡು ನಿಮಿಷವಿತ್ತು. ಕಲ್ಲವ್ವ ಕೀಲಿ ತಿರುಗಿಸಿದರು. ಎಂಜಿನ್ ಕರ್ರ್ ಎಂದಿತು, ಕೆಮ್ಮಿತು, ಒಂದು ಕರೀ ಹೊಗೆಯನ್ನು ಸೆಕ್ರೆಟರಿಯ ಬಿಳೀ ಪಾಯಜಾಮದ ಮೇಲೆ ಬಿಟ್ಟಿತು, ಆಮೇಲೆ ಇಡೀ ಆವಾರ ನಡುಗುವಂತೆ ಗರ್ಜಿಸಿತು.

ಫಕೀರಪ್ಪನವರು ಕಣ್ಣೊರೆಸಿಕೊಂಡರು. ಪೆಟ್ರೋಲಿಗೆ ಕಣ್ಣು ಉರಿದದ್ದು ಎಂದು ಆಮೇಲೆ ಹೇಳಿದರು, ಯಾರೂ ಕೇಳಿರಲಿಲ್ಲ.

ಕಲ್ಲವ್ವ ಇಳಿದು ಗಂಡನಿಗೆ ಸೀಟು ಬಿಟ್ಟುಕೊಟ್ಟರು. ಗೇಟಿನಿಂದ ಚೌಕ, ಚೌಕದಿಂದ ಗೇಟು. ಒಂಬತ್ತೂ ಏಳಕ್ಕೆ ಅವರು ತಿರುಗಿ ಬಂದಾಗ ಹುಸೇನಪ್ಪ ಕ್ರೇನಿನ ಹಾರ್ನು ಮೂರು ಸಲ ಒತ್ತಿ, “ಕ್ಲಾರ್ಕ್‌ರಿಗಿ ಜಯವಾಗ್ಲಿ!” ಎಂದು ಕೂಗಿ ಹೊರಟೇಹೋದ. ಆ ಘೋಷಣೆ ಯಾರಿಗೂ ಅರ್ಥವಾಗದೆ ಎಲ್ಲರೂ ಚಪ್ಪಾಳೆ ತಟ್ಟಿದರು. ಅವಧೂತರಾವ್ ಹಾರ ಹಾಕಿ ಭಾಷಣ ಶುರು ಮಾಡಿದರು. ಫಕೀರಪ್ಪನವರು ಎಂಜಿನ್ ಆರಿಸಲಿಲ್ಲ. ಆರಿಸಿದರೆ ಮತ್ತೆ ಹೊತ್ತುತ್ತದೋ ಇಲ್ಲವೋ ಎಂಬ ಭಯ. ಆದ್ದರಿಂದ ಭಾಷಣ ಕೂಗಿಯೇ ಆಗಬೇಕಾಯಿತು.

“ನಿನ್ನೆ ಬೆಳಿಗ್ಗೆಯಿಂದ ನಾವು ನೋಡಿದ್ದು ಏನು? ವಿದ್ಯೆ! ಇದು ಯಾವನೋ ಕೂಲಿಯವನು, ಕಾರಕೂನ ಮಾಡುವ ಕೆಲಸವೇ? ಇದಕ್ಕೆ ಇಂಜಿನಿಯರಿನ ತಲೆಯೇ ಬೇಕು!”

ಕಾರಕೂನ, ಅಂದರೆ ಕ್ಲಾರ್ಕ್, ಎಂಬ ಮಾತು ಬಿತ್ತೋ ಇಲ್ಲವೋ, ಫಕೀರಪ್ಪನವರು ಹಾರ ಕಿತ್ತು ಬಾನೆಟ್ಟಿನ ಮೇಲೆ ಒಗೆದರು.

“ನಾನು ಇಂಜಿನಿಯರ್ ಅಲ್ಲ!” ಎಂದು ಮರಾಠಿಯಲ್ಲಿ ಗುಡುಗಿದರು. “ಸ್ಟೋರ್ ಕ್ಲಾರ್ಕ್! ಇಪ್ಪತ್ತಾರು ವರ್ಷ ಕ್ಲಾರ್ಕ್! ಈ ಪಂಪು ಹಾಕಿದ್ದು ಕ್ಲಾರ್ಕ್! ಒಳಗಿನ ದೋಷ ಹಿಡಿದದ್ದು ಕ್ಲಾರ್ಕ್!”

ಎಂಜಿನ್ ಮಾತ್ರ ಗುಡುಗುಡು ಅನ್ನುತ್ತಿತ್ತು. ಅವಧೂತರಾಯರ ಕಣ್ಣಲ್ಲಿ ನೀರು ತುಂಬಿಕೊಂಡಿತು.

“ನೋಡಿ” ಎಂದರು ಜನರ ಕಡೆ ತಿರುಗಿ. “ಇಷ್ಟು ದೊಡ್ಡ ಇಂಜಿನಿಯರ್, ತನ್ನನ್ನು ತಾನು ಕ್ಲಾರ್ಕ್ ಎಂದುಕೊಳ್ಳುತ್ತಾನೆ. ಇದಕ್ಕೆ ನಿಗರ್ವ ಅನ್ನುವುದು!”

ಚಪ್ಪಾಳೆ ಮುಗಿಲು ಮುಟ್ಟಿತು. ಫಕೀರಪ್ಪನವರು ಹುಚ್ಚು ಹಿಡಿದವರಂತೆ ಮನೆಗೆ ಓಡಿ ಕಾರ್ಖಾನೆಯ ಹಳೇ ಗುರುತಿನ ಚೀಟಿ ತಂದು ಸೆಕ್ರೆಟರಿಯ ಮೂಗಿನ ಕೆಳಗೆ ಹಿಡಿದರು. ಅದರಲ್ಲಿ ‘ಸೀನಿಯರ್ ಸ್ಟೋರ್ ಕ್ಲಾರ್ಕ್’ ಎಂದು ದಪ್ಪಕ್ಷರದಲ್ಲಿತ್ತು. ಅವಧೂತರಾವ್ ಕನ್ನಡಕ ಏರಿಸಿ ಓದಿ, ಸುತ್ತ ನೋಡಿ, ದನಿ ತಗ್ಗಿಸಿದರು.

“ಅರ್ಥವಾಯಿತು. ದೊಡ್ಡ ಕಂಪನಿಗಳಲ್ಲಿ ಮುಖ್ಯ ಮನುಷ್ಯರ ಹುದ್ದೆ ಗುಪ್ತವಾಗಿಡುತ್ತಾರೆ. ಎದುರಾಳಿಗಳು ಎಳೆದುಕೊಂಡು ಹೋಗಬಾರದಲ್ಲ! ನಮ್ಮ ಖಾತೆಯಲ್ಲೂ ಇಂಥದ್ದು ಇತ್ತು.”

“ಶಿವಪ್ಪ್ಯಾ!” ಫಕೀರಪ್ಪನವರು ಕಂಗಾಲಾಗಿ ಮೈದುನನ ರಟ್ಟೆ ಹಿಡಿದು ಎಳೆದರು. “ಹೇಳೋ ನೀನ! ನೀ ಯಾವಾಗ್ಲೂ ಹೇಳ್ತಿದ್ದಿ ಅಲಾ, ಈಗ ಹೇಳು!”

ಶಿವಪ್ರಕಾಶನಿಗೆ ಇಂಥ ಅವಕಾಶ ಜನ್ಮದಲ್ಲಿ ಸಿಕ್ಕಿರಲಿಲ್ಲ. ಎದೆಯುಬ್ಬಿಸಿ, “ಹೌದು, ನಮ್ಮ ಮಾಮಾ ಕ್ಲಾರ್ಕೇ. ನಾನು ಇಂಜಿನಿಯರ್” ಎಂದ.

“ಛೀ!” ಎಂದರು ರಂಗೂಬಾಯಿ ಬಾಲ್ಕನಿಯಿಂದ. “ಎಂಥ ಹೊಟ್ಟೆಕಿಚ್ಚು ಇದ್ದೀತು! ಅಕ್ಕನ ಗಂಡನ ಏಳಿಗೆ ನೋಡಲಾಗದವನು!”

“ನಾಚಿಕೆಯಾಗಬೇಕು” ಎಂದರು ಅವಧೂತರಾವ್. “ಆ ಕಾರ್ಡು ಒಳಗೆ ಹಾಕು ಮೊದಲು. ನಿಜವಾದ ಇಂಜಿನಿಯರ್ ಹೇಗಿರುತ್ತಾನೆ ಎಂದು ಇವರನ್ನು ನೋಡಿ ಕಲಿ.”

ಶಿವಪ್ರಕಾಶ ಕಾರ್ಡನ್ನು ಅಂಗಿಯೊಳಗೆ ಇಳಿಬಿಟ್ಟುಕೊಂಡ. ಬೇರೆ ದಿನವಾಗಿದ್ದರೆ ಆ ನೋಟಕ್ಕೆ ಫಕೀರಪ್ಪನವರು ಪೇಢೆ ಹಂಚುತ್ತಿದ್ದರು. ಈಗ ಅವರಿಗೆ ಅಳು ಬಂದಂತಾಗಿತ್ತು. ಜೀವಮಾನದಲ್ಲಿ ಒಂದು ಗಂಡುಕೆಲಸ ಮಾಡಿದ್ದರು. ಅದನ್ನು ಇರದ ಯಾವನೋ ಇಂಜಿನಿಯರ್ ಬಂದು ಹೊತ್ತುಕೊಂಡು ಹೋಗುತ್ತಿದ್ದ. ಜಾಳಿಗೆಯ ಹಿಂದೆ ಕೂತು ಬೆನ್ನು ಬಾಗಿಸಿಕೊಂಡ ಕ್ಲಾರ್ಕಿಗೆ ಒಂದು ಚಪ್ಪಾಳೆಯೂ ಬಿದ್ದಿರಲಿಲ್ಲ.

ಕಲ್ಲವ್ವ ಗಂಡನ ಮುಖ ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾರಿನ ಪಕ್ಕದ ಸೀಟಿಗೆ ಹತ್ತಿ ಗಟ್ಟಿಯಾಗಿ ಕೂತರು.

“ಹತ್ತರಿ ಗಾಡಿ. ಪೆಟ್ರೋಲ್ ಸುಮ್ನ ಸುಡಾಕತ್ತದ.”

“ಎಲ್ಲಿಗೆ?”

“ಎಲ್ಲಿಗ್ಯಾರೆ. ಆ ‘ಹೋ’ ಅಂದಾಕಿ ನಾನ. ತಪ್ಪಾತು. ಇಂಜಿನಿಯರ್ ಹಾಕಿದ್ರ ಅದರಾಗೇನ ದೊಡ್ಡಸ್ತಿಕಿ? ಅದು ಅವನ ಕೆಲಸ. ಕ್ಲಾರ್ಕ್ ಹಾಕ್ಯಾನ ಅಂತನ ನಾ ಕೂತೀನಿ. ನಡೀರಿ, ದಾರ್ಯಾಗ ಸಿಕ್ಕಾವರಿಗೆಲ್ಲಾ ಹೇಳೂಣು.”

ಫಕೀರಪ್ಪನವರು ಗೇರು ಹಾಕಿದರು. ಕೆಂಪು ಕಾರು ಗೇಟು ದಾಟಿತು, ಚೌಕ ದಾಟಿತು, ಸೊಸೈಟಿಯ ನೋಟೀಸು ಎಲ್ಲಿಯವರೆಗೆ ಹೇಳಿತ್ತೋ ಅದನ್ನೆಲ್ಲ ದಾಟಿ ಪಿಂಪ್ರಿಯ ಕಡೆ ಹೊರಟಿತು. ಎಣ್ಣೆ ಮೆತ್ತಿದ ಬನಿಯನ್ನು, ಮೀಸೆಯ ತುದಿಗೆ ಮಸಿ, ಕೆದರಿದ ತಲೆ. ಪಕ್ಕದಲ್ಲಿ ಇಳಕಲ್ ಸೀರೆಯ ಕಲ್ಲವ್ವ ಕೂದಲು ಹಾರದಂತೆ ತಲೆ ಹಿಡಿದುಕೊಂಡು ನಗುತ್ತಿದ್ದರು. ಬಸ್‌ಸ್ಟಾಪಿನಲ್ಲಿ ನಿಂತವರಿಗೆ, ಹೂವಿನವಳಿಗೆ, ಸೈಕಲ್ಲಿನ ಹಾಲಿನವನಿಗೆ ಫಕೀರಪ್ಪನವರು, “ಕ್ಲಾರ್ಕ್! ಸ್ಟೋರ್ ಕ್ಲಾರ್ಕ್!” ಎಂದು ಕೂಗುತ್ತ ಹೋದರು. ಅವರೆಲ್ಲ ಕಾರು ನೋಡಿ, ಮನುಷ್ಯನನ್ನು ನೋಡದೆ, ಕೈ ಬೀಸಿದರು.

ದೊಡ್ಡ ರಸ್ತೆಯ ಸಿಗ್ನಲ್ಲಿನಲ್ಲಿ ಕೆಂಪು ಬಿತ್ತು. ಟ್ರಾಫಿಕ್ ಪೊಲೀಸನೊಬ್ಬ ಹತ್ತಿರ ಬಂದು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಆಮೇಲೆ ಲಾಠಿಯಿಂದ ಟೊಪ್ಪಿಗೆ ಹಿಂದೆ ಸರಿಸಿ, ಗಾಡಿ ಯಾವ ಸಾಹೇಬರದು ಎಂದು ಮರಾಠಿಯಲ್ಲಿ ಕೇಳಿದ.

“ನನ್ನದೇ. ಪಂಪು ಹಾಕಿದವನೂ ನಾನೇ. ನಾನು ಸ್ಟೋರ್ ಕ್ಲಾರ್ಕ್.”

ಪೊಲೀಸನು ಬನಿಯನ್ನು ನೋಡಿದ. ಮೀಸೆ ನೋಡಿದ. ತಲೆಯಿಂದ ಕಾಲಿನವರೆಗೆ ಇನ್ನೊಮ್ಮೆ ನೋಡಿದ.

“ಅದು ನೋಡಿದರೇ ಗೊತ್ತಾಗುತ್ತದೆ” ಎಂದ, ತಾತ್ಸಾರದಿಂದ.

ಫಕೀರಪ್ಪನವರು ಕಾರಿನಲ್ಲೇ ಎದ್ದು ನಿಂತು ಅವನ ಕೈಯನ್ನು ಎರಡೂ ಕೈಯಿಂದ ಹಿಡಿದು ಕುಲುಕಿದರು, ಕುಲುಕಿದರು, ಬಿಡಲೇ ಇಲ್ಲ. ಹಸಿರು ಬಿತ್ತು. ಹಿಂದಿನ ಟೆಂಪೋ, ರಿಕ್ಷಾ, ಬಸ್ಸು ಒಟ್ಟಿಗೆ ಹಾರ್ನು ಹೊಡೆಯತೊಡಗಿದವು.

“ಕೇಳಿದೇನ ಕಲ್ಲವ್ವಾ?” ಎಂದು ಅವರು ಹಾರ್ನುಗಳ ಮೇಲಿಂದ ಕೂಗಿದರು. “ನಂಬಿದ! ಒಂದ ಮಾತಿಗೆ ನಂಬಿದ ನೋಡ!”